ಸಾರಸ್ ವಿಮಾನದ ಪತನ: ಕಾರಣಗಳ ವಿಚಾರ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ನಿರ್ಮಿಸಿದ ‘ಸಾರಸ್’ ವಿಮಾನದ ಎರಡನೆಯ ಮಾದರಿಯು 2009ರ ಮಾರ್ಚ್ 6ರಂದು ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಬಳಿ ಬಿದ್ದು, ವಾಯುಪಡೆಯ ಅಧಿಕಾರಿಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಶಾ, ಇಳಯರಾಜ ಮೃತರಾದರು. ಎರಡು ಎಂಜಿನುಗಳಲ್ಲಿ ಒಂದನ್ನು ಆಕಾಶದಲ್ಲಿಯೇ ನಿಲ್ಲಿಸಿ ಮರಳಿ ಚಾಲೂ ಮಾಡುವುದು ಅಂದಿನ ಪರೀಕ್ಷೆ. ನಿಂತ ಎಂಜಿನಿನ ಪ್ರೊಪೆಲರಿನ ಅಲಗುಗಳು ಗಾಳಿಗೆ ಅಂಚುಗೊಟ್ಟು ನಿಂತರೆ ತಡೆ ಅಲ್ಪ. ಅಡ್ಡ ತಿರುಗಿದರೆ ಆ ಪಕ್ಕದಲ್ಲಿ ತಡೆ ಹೆಚ್ಚಿ ವಿಮಾನವು ಹತೋಟಿ ತಪ್ಪುವ ಸಂಭವವುಂಟು.

ಇಂತಹ ಪ್ರಸಂಗಗಳಲ್ಲಿ ಚಾಲಕರ ಕೈತಪ್ಪೆಂದುಬಿಡುವುದು ಸುಲಭ, ಮೃತರು ಉತ್ತರಿಸಲಾರರಷ್ಟೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆಯು ಚಾಲಕರ ಹೊಂದಾಣಿಕೆಯ ಕೊರತೆಯನ್ನೂ, ಮೊದಲ ಯತ್ನ ವಿಫಲವಾದ ಮೇಲೂ ಪರೀಕ್ಷೆಯನ್ನು ಕೈಬಿಡದುದನ್ನೂ ಎಣಿಸಿದೆ, ದಿಟ. ಆದರೆ ನಾವು ಮೊದಲು ಗಮನಿಸಬೇಕಾದುದು ಅದು ಹೆಸರಿಸಿದ ಮುಖ್ಯಕಾರಣವನ್ನು: ವಿನ್ಯಾಸಕಾರರು ರೂಪಿಸಿದ ತಪ್ಪು ಕ್ರಮವನ್ನು ಸಾಲದ ಎತ್ತರದಲ್ಲಿ ಅನುಸರಿಸಿದುದು. ಆ ಕ್ರಮವನ್ನು ಗೊತ್ತುಪಡಿಸುವಾಗ ಪ್ರೊಪೆಲರಿನ ತಯಾರಕರನ್ನು ವಿಚಾರಿಸಿರಲಿಲ್ಲವೆಂಬುದೂ ಅದೇ ತನಿಖೆಯ ನಿರ್ಣಯದಲ್ಲಿ ಸೇರಿದೆ.