ನಡುರಾತ್ರಿಯ ಐವತ್ತು ಸಾವಿರ

ಮುಧೋಳ ತಾಲ್ಲೂಕಿನಲ್ಲಿ ರೊಕ್ಕಕ್ಕೂ ಹಂಗಾಮು ಇದೆ. ಕಾರ್ಖಾನೆಯ ಚಿಮಣಿ ಹೊಗೆಯಾಡಿ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿ, ಬಿಲ್ಲು ಖಾತೆಗೆ ಬೀಳುವ ಚಳಿಗಾಲದಲ್ಲಿ ಊರಿನ ಕಿಸೆ ತುಂಬುತ್ತದೆ. ಮದುವೆ, ಮನೆ, ಬೈಕು, ಬಂಗಾರ ಎಲ್ಲವೂ ಆ ನಾಲ್ಕು ತಿಂಗಳ ಮಾತು. ಆಷಾಢ ಬಂದಾಗ ಹೊಲದಲ್ಲಿ ಕಬ್ಬು ಎದೆಯೆತ್ತರ ನಿಂತಿರುತ್ತದೆ, ಕಿಸೆ ಮಾತ್ರ ಖಾಲಿ. ಕಷ್ಟಕ್ಕೆ ಈ ಹಂಗಾಮಿನ ಲೆಕ್ಕ ಗೊತ್ತಿಲ್ಲ.

ತಿಮ್ಮಾಪುರದಂಥ ಊರಿನ ಒಂದು ಆಷಾಢದ ರಾತ್ರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಕಾಲೇಜಿಗೆ ಹೋಗುವ ಮಗ ಬೈಕಿಗೆ ಟ್ರ್ಯಾಕ್ಟರ್ ತಾಗಿ ಬಿದ್ದಿದ್ದಾನೆ, ತೊಡೆಯ ಎಲುಬು ಮುರಿದಿದೆ. ಪಟ್ಟಣದ ಆಸ್ಪತ್ರೆಯ ಕೌಂಟರಿನಲ್ಲಿ, "ಮೊದಲ ಐವತ್ತ ಸಾವಿರ ಕಟ್ರಿ, ಮುಂಜಾನೆ ಆಪರೇಷನ್ ಮಾಡ್ತಾರ" ಎಂದಿದ್ದಾರೆ. ಅಪ್ಪನ ಹೆಸರಿನಲ್ಲಿ ಎರಡೂವರೆ ಎಕರೆ ಕಬ್ಬಿದೆ. ಹಟ್ಟಿಯಲ್ಲಿ ಎರಡು ಎಮ್ಮೆ, ನಾಲ್ಕು ಆಡು. ಅವ್ವನ ಕೊರಳಲ್ಲಿ ಬೋರಮಾಳ. ಕಿಸೆಯಲ್ಲಿರುವುದು ನಾಲ್ಕು ಸಾವಿರ. ರಾತ್ರಿ ಹನ್ನೊಂದಕ್ಕೆ ಆತ ಮೊದಲು ನೆನಪಾದ ನಂಬರಿಗೆ ಫೋನು ಮಾಡುತ್ತಾನೆ.

"ಅಣ್ಣಾರ, ಒಂದ ಐವತ್ತ ಬೇಕಾಗಿತ್ರಿ."

"ಕೊಡೋಣಂತ. ಐದರಂಗ ಆಗತೈತಿ ನೋಡು."

"ಆಗಲ್ರಿ."

ಮೂರು ಮಾತಿನಲ್ಲಿ ಸಾಲ ಮುಗಿಯಿತು. ಅದನ್ನು ತೀರಿಸುವುದಕ್ಕೆ ಮೂರು ವರ್ಷ ಹಿಡಿದರೂ ಅಚ್ಚರಿಯಿಲ್ಲ. ಈ ಲೇಖನ ಆ ಫೋನಿಗೆ ಮುಂಚಿನ ಹತ್ತು ನಿಮಿಷದ ಬಗ್ಗೆ.

'ಐದರಂಗ' ಎಂದರೆ ಎಷ್ಟು?

ನಮ್ಮ ಕಡೆ ಕೈಗಡದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ, ಬ್ಯಾಂಕಿನವರು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಈ ಎರಡರ ನಡುವೆ ಓದಿದವರೂ ಎಡವುತ್ತಾರೆ. ನೂರಕ್ಕೆ ಐದರಂತೆ ಅಂದರೆ ವರ್ಷಕ್ಕೆ ಶೇ 60. ಐವತ್ತು ಸಾವಿರಕ್ಕೆ ತಿಂಗಳಿಗೆ 2,500, ವರ್ಷಕ್ಕೆ 30,000 ರೂಪಾಯಿ ಬಡ್ಡಿ. ಅಷ್ಟು ಕಟ್ಟಿದ ಮೇಲೂ ಅಸಲು ಐವತ್ತು ಸಾವಿರ ಹಾಗೇ ಕೂತಿರುತ್ತದೆ. ಲೇವಾದೇವಿ ಕಾಯ್ದೆಯಡಿ ರಾಜ್ಯದಲ್ಲಿ ಪರವಾನಗಿ ಪಡೆದವರು ವಿಧಿಸಬಹುದಾದ ಬಡ್ಡಿ ಅಡವಿದ್ದರೆ ವರ್ಷಕ್ಕೆ ಶೇ 14, ಅಡವಿಲ್ಲದಿದ್ದರೆ ಶೇ 16. ಈ ಅಂಕಿ ಗೊತ್ತಿದ್ದವರು 'ಐದರಂಗ' ಅಂದಾಗ ಒಮ್ಮೆಯಾದರೂ ತಡೆದು ನಿಲ್ಲುತ್ತಾರೆ.

ಇನ್ನೊಂದು ಬಗೆ ಸಂತೆಯ ವ್ಯಾಪಾರಿಗಳಿಗೆ ಚಿರಪರಿಚಿತ. ಹತ್ತು ಸಾವಿರ ಕೇಳಿದರೆ ಸಾವಿರ ಮುರಿದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. 'ನೂರಕ್ಕೆ ಹತ್ತು ಅಷ್ಟೇ' ಅನ್ನಿಸುತ್ತದೆ. ಆದರೆ ಮೊದಲ ವಾರದಿಂದಲೇ ಅಸಲು ಕರಗುತ್ತಿರುವುದರಿಂದ ನಿಜವಾದ ಬಡ್ಡಿ ವಾರಕ್ಕೆ ಹತ್ತಿರ ಹತ್ತಿರ ಶೇ 2, ವರ್ಷಕ್ಕೆ ಶೇ 100ರ ಆಸುಪಾಸು. ಬೆಳಿಗ್ಗೆ ತರಕಾರಿ ತಂದು ಸಂಜೆಗೆ ಮಾರುವವರಿಗೆ ಇದು ಹೇಗೋ ದಕ್ಕೀತು. ಆಸ್ಪತ್ರೆಯ ಬಿಲ್ಲು ಲಾಭ ತರುವುದಿಲ್ಲ, ಅದಕ್ಕೆ ಈ ಸಾಲ ಹೊಂದುವುದಿಲ್ಲ.

ಈ ನೆಲದ ದೊಡ್ಡ ವಿಪರ್ಯಾಸ ಬೇರೆಯೇ ಇದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ತನ್ನ ದುಡ್ಡು ತಡವಾದರೆ ರೈತನಿಗೆ ಕಾಗದದ ಮೇಲೆ ಸಿಗುವುದು ಶೇ 15. ಆ ದುಡ್ಡಿಗೆ ಕಾಯುತ್ತ ಆತ ಹೊರಗೆ ತರುವ ಕೈಗಡಕ್ಕೆ ಕೊಡುವುದು ಶೇ 36, ಶೇ 60. ತಿಮ್ಮಾಪುರದ ರನ್ನನಗರದಲ್ಲಿರುವ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯೇ ಕೆಲವು ಹಂಗಾಮು ಹೊಗೆಯಾಡದೆ ನಿಂತದ್ದನ್ನು ಕಂಡವರಿಗೆ, ಬರಬೇಕಾದ ರೊಕ್ಕವನ್ನು ನಂಬಿ ಸಾಲ ಮಾಡುವುದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಇದರದೇ ಇನ್ನೊಂದು ರೂಪ: ಕಷ್ಟಕ್ಕೆ ಮಾಲಕರಿಂದ ಮುಂಗಡ. ಅದಕ್ಕೆ ಬಡ್ಡಿ ಇರಲಿಕ್ಕಿಲ್ಲ, ಆದರೆ ಬಾಕಿ ತೀರುವತನಕ ಆ ಮಗ್ಗ ಬಿಟ್ಟು ಬೇರೆ ಕಡೆ ಹೆಚ್ಚಿನ ಪಗಾರಕ್ಕೆ ಹೋಗುವಂತಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ

ರೊಕ್ಕ ಎಲ್ಲಿಂದ ತರಲಿ ಎಂದು ಕೇಳುವ ಮೊದಲು, ಈ ರೊಕ್ಕ ನಾನು ಕಟ್ಟಲೇಬೇಕೇ ಎಂದು ಕೇಳಬೇಕು. ನಮ್ಮ ಕಥೆಯ ಹುಡುಗನದು ರಸ್ತೆ ಅಪಘಾತ. 2025ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಂತೆ, ಮೋಟಾರು ವಾಹನದಿಂದಾದ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಮೊದಲ 7 ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗಬೇಕು. ಅಪಘಾತದ ವಿಷಯ ಪೊಲೀಸರಿಗೆ ತಲುಪಿರಬೇಕು. 112ಕ್ಕೆ ಮಾಡಿದ ಒಂದು ಕರೆ ಇಲ್ಲಿ ಐವತ್ತು ಸಾವಿರ ಬಾಳುತ್ತದೆ.

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ಮೀರದಂತೆ ಸರ್ಕಾರ ಭರಿಸುತ್ತದೆ. ಸಾಮಾನ್ಯ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಅಲ್ಲಿ ಯೋಜನೆಯ ನೆರವಿಗೆಂದೇ ಇರುವ 'ಆರೋಗ್ಯ ಮಿತ್ರ' ಎಲ್ಲಿ ಕೂಡುತ್ತಾರೆ ಎಂದು ಕೇಳಿ. ತಿಳಿಯದಿದ್ದರೆ 104ಕ್ಕೆ ಫೋನು ಮಾಡಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಉಂಟು. 2003ರಲ್ಲಿ ರೈತನಿಂದ ತಿಂಗಳಿಗೆ 5 ರೂಪಾಯಿಯ ವಂತಿಗೆ ಪಡೆದು ಶುರುವಾದ ಈ ಯೋಜನೆ ನಡುವೆ ನಿಂತು, ಮತ್ತೆ ಜೀವ ಪಡೆಯಿತು. ಇದರ ನೋಂದಣಿಗೆ ಅವಧಿ ಇರುತ್ತದೆ, ಕಾಲು ಮುರಿದ ಮೇಲೆ ಹೆಸರು ಬರೆಸಲಾಗದು.

ಹಟ್ಟಿಯಲ್ಲಿ, ಕೊರಳಲ್ಲಿ

ಇಷ್ಟರ ಮೇಲೂ ಔಷಧ, ಓಡಾಟ, ಊಟ ಅಂತ ರೊಕ್ಕ ಬೇಕೇ ಬೇಕು. ಆಗ ಬೇರೆಯವರ ಬಾಗಿಲಿಗೆ ಹೋಗುವ ಮೊದಲು ಮನೆಯೊಳಗೆ ನೋಡಬೇಕು. ಬಾಗಲಕೋಟೆ ಸೀಮೆಯ ಹಟ್ಟಿಯಲ್ಲಿ ಆಡು, ಎಳಗ ಕುರಿ ಇರುವುದು ಹಬ್ಬದ ಊಟಕ್ಕಿಂತ ಹೆಚ್ಚಾಗಿ ಇಂಥ ದಿನಕ್ಕೆ. ಅಮೀನಗಡ, ಕೆರೂರಿನ ಸಂತೆಗೆ ಹೊಡೆದುಕೊಂಡು ಹೋದ ಮರಿ ಮಧ್ಯಾಹ್ನದೊಳಗೆ ನಗದಾಗಿ ಮನೆಗೆ ಬರುತ್ತದೆ. ಸಂತೆಯ ದಿನ ತನಕ ಕಾಯಬೇಕು ಎಂಬುದೊಂದೇ ತೊಡಕು. ಹಟ್ಟಿಗೇ ಬಂದು ಕೊಳ್ಳುವ ದಲ್ಲಾಳಿಗೆ ನಿಮ್ಮ ಅವಸರದ ವಾಸನೆ ಬಡಿದರೆ ದರ ಬಿದ್ದಂತೆಯೇ.

ಬೋರಮಾಳದ ಮಾತು. ಬಂಗಾರ ಬಿಚ್ಚಿಕೊಡುವುದು ಅಪಮಾನ, ಕೈಗಡ ಮಾತ್ರ ಗುಟ್ಟಾಗಿ ಮುಗಿಯುತ್ತದೆ ಎಂಬ ಭಾವನೆಯೇ ಎಷ್ಟೋ ಮನೆಗಳನ್ನು ಬಡ್ಡಿಯವರ ಬಾಗಿಲಿಗೆ ಒಯ್ದಿದೆ. ಲೆಕ್ಕ ಬೇರೆ ಹೇಳುತ್ತದೆ. ಬ್ಯಾಂಕಿನಲ್ಲೋ ಪತ್ತಿನ ಸಹಕಾರಿ ಬ್ಯಾಂಕಿನಲ್ಲೋ ಚಿನ್ನದ ಸಾಲ ಅದೇ ದಿನ ಕೈಗೆ ಬರುತ್ತದೆ. ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ 2.5 ಲಕ್ಷದೊಳಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ 85ರವರೆಗೆ ಕೊಡಬಹುದು. ಸಾಲ ತೀರಿಸಿದ 7 ಕೆಲಸದ ದಿನಗಳೊಳಗೆ ಒಡವೆ ಮರಳಿಸಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಗಿರವಿ ಅಂಗಡಿಗೆ ಈ ನಿಯಮದ ಹಂಗಿಲ್ಲ. ಅಲ್ಲಿಗೇ ಹೋಗಬೇಕಾದರೆ ತೂಕ, ಬಡ್ಡಿ, ವಾಯಿದೆ ಬರೆದ ಚೀಟಿ ಪಡೆಯದೆ ಒಡವೆ ಕೈಬಿಡಬೇಡಿ.

ಅಂಗಡಿಕಾರರು ಮರೆಯುವ ಒಂದು ಸೊತ್ತು ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕರಾವಳಿಯಲ್ಲಿ ಎರಡಾಣೆಯಿಂದ ಶುರುಮಾಡಿದ ಈ ದಿನದ ಉಳಿತಾಯ, ಇವತ್ತು ನಮ್ಮ ಪೇಟೆಗಳ ಪತ್ತಿನ ಸಂಘಗಳ ಜೀವಾಳ. ಕಟ್ಟಿದ ಪಿಗ್ಮಿಯ ಮೇಲೆ ಸಾಲ ಕೊಡುವ ಸಂಘಗಳು ಬೇಕಾದಷ್ಟಿವೆ.

ಹತ್ತು ಮಂದಿ ಕೈಯೆತ್ತಿದರೆ

ಮನೆಯೊಳಗೆ ಏನೂ ಇಲ್ಲದವರಿಗೆ ಇರುವುದು ಮಂದಿ. ಇಪ್ಪತ್ತು ಜನ ತಿಂಗಳಿಗೆ ಎರಡೆರಡು ಸಾವಿರ ಹಾಕುವ ಭಿಶಿಯಲ್ಲಿ ನಲವತ್ತು ಸಾವಿರ ಒಟ್ಟಾಗಿ, ಸವಾಲಿನಲ್ಲಿ ಕೂಗಿದ ಒಬ್ಬರ ಕೈಸೇರುತ್ತದೆ. ಯಾರದಾದರೂ ಮನೆಯಲ್ಲಿ ಕಷ್ಟ ಬಂದರೆ, "ಈ ಸಲ ಸವಾಲು ಬ್ಯಾಡ, ಅವಂಗ ಕೊಡ್ರಿ" ಎನ್ನುವ ಹಿರಿಯರು ಒಬ್ಬರಾದರೂ ಇರುತ್ತಾರೆ. ಭಿಶಿಗೆ ಕಾಗದಪತ್ರವಿಲ್ಲ, ನಡೆಸುವವನ ಮುಖವೇ ಭದ್ರತೆ. ಅವನು ಊರು ಬಿಟ್ಟರೆ ಇಪ್ಪತ್ತೂ ಮನೆ ಅಳಬೇಕು. ಪರಿಚಯವಿಲ್ಲದವರ ಭಿಶಿಗೆ ಕೈಹಾಕದಿರುವುದು ಲೇಸು. ಮಹಿಳಾ ಸ್ವಸಹಾಯ ಸಂಘದ ಒಳಸಾಲ ಇದಕ್ಕಿಂತ ಗಟ್ಟಿ: ನಡಾವಳಿ ಪುಸ್ತಕ ಇರುತ್ತದೆ, ಬರುವ ಬಡ್ಡಿಯೂ ಸಂಘದ ಪೆಟ್ಟಿಗೆಗೇ ಬೀಳುತ್ತದೆ.

ಕೂಡಿ ಹಣ ಎತ್ತುವುದು ಈ ನಾಡಿಗೆ ಹೊಸದಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದು. ಇನ್ನೂ ಹತ್ತಿರದ ಉದಾಹರಣೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ. ಸರ್ಕಾರದ ದಾರಿ ಕಾಯದೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ವಂತಿಗೆ ಹಾಕಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಖರ್ಚು ಒಂದು ಕೋಟಿ ರೂಪಾಯಿಯ ಆಸುಪಾಸು. ಅದರ ಹಿನ್ನೀರಿಗೆ ಶ್ರಮಬಿಂದು ಸಾಗರ ಎಂದೇ ಹೆಸರು. ಹೊಳೆಯನ್ನೇ ಕಟ್ಟುವಷ್ಟು ರೊಕ್ಕ ಕೂಡಿಸಿದ ಸೀಮೆಯಲ್ಲಿ, ಒಬ್ಬನ ಮಗನ ಕಾಲಿಗೆ ಐವತ್ತು ಸಾವಿರ ಕೂಡುವುದಿಲ್ಲವೆಂದರೆ ಕೊರತೆ ಇರುವುದು ರೊಕ್ಕದಲ್ಲಲ್ಲ. ನೀರಿನ ಕಷ್ಟವನ್ನು ನಾವು ಕಟ್ಟೆಯ ಮೇಲೆ ಕೂತು ಮಾತಾಡುತ್ತೇವೆ, ಮನೆಯ ಕಷ್ಟವನ್ನು ಮುಚ್ಚಿಡುತ್ತೇವೆ. ಬಡ್ಡಿ ವ್ಯಾಪಾರ ನಿಂತಿರುವುದೇ ಆ ಗುಟ್ಟಿನ ಮೇಲೆ.

ಫೋನಿನಲ್ಲಿ ಬರುವ ಸಾಲ

ಗುಟ್ಟು ಬೇಕಾದವರಿಗೆ ಈಗ ಇನ್ನೊಂದು ಬಾಗಿಲು ತೆರೆದಿದೆ: ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ ಕೊಡುವ ಆ್ಯಪ್ ನಿಮ್ಮ ಫೋನಿನ ನಂಬರು ಪಟ್ಟಿ, ಫೋಟೊಗಳಿಗೆ ಕೈಹಾಕುವಂತಿಲ್ಲ. ವರ್ಷದ ಒಟ್ಟು ಬಡ್ಡಿದರವನ್ನು ಮೊದಲೇ ಬರೆದು ತೋರಿಸಬೇಕು. ನಂಬರು ಪಟ್ಟಿ ಕೇಳಿದ ಆ್ಯಪನ್ನು ಆ ಕ್ಷಣವೇ ಅಳಿಸಿ. ಮೋಸಹೋಗಿದ್ದರೆ 1930ಕ್ಕೆ ತಿಳಿಸಿ.

ಕಿರುಸಾಲ ಸಂಸ್ಥೆಗಳ ವಸೂಲಿಗೆ ಅಂಜಿ ಮಂದಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ರಾತ್ರಿ ಎಂಟಕ್ಕೆ ಬಾಗಿಲು ಬಡಿದವರಿಗೆ ಈ ಮಾತನ್ನು ಗಟ್ಟಿಯಾಗಿ ಹೇಳಬಹುದು.

ಇವತ್ತೇ ಮಾಡಬೇಕಾದ್ದು

ರೇಷನ್ ಕಾರ್ಡು, ಆಧಾರ್, ಆಯುಷ್ಮಾನ್ ಮತ್ತು ಯಶಸ್ವಿನಿ ಕಾರ್ಡು, ಪಿಗ್ಮಿ ಪುಸ್ತಕ ಇವನ್ನು ಒಂದೇ ಚೀಲದಲ್ಲಿಟ್ಟು, ಅದು ಎಲ್ಲಿದೆ ಎಂದು ಮನೆಮಂದಿಗೆಲ್ಲ ಹೇಳಿಡಿ. ಕಬ್ಬಿನ ಬಿಲ್ಲು ಬಂದ ದಿನ ಒಂದಿಷ್ಟನ್ನು ಬೇರೆ ಖಾತೆಗೆ ಹಾಕಿ, ಅದಕ್ಕೆ 'ಆಷಾಢದ ರೊಕ್ಕ' ಎಂದು ಹೆಸರಿಡಿ. ರೊಕ್ಕದ ಅವಸರಕ್ಕೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಡುವ ತೀರ್ಮಾನವನ್ನು ಮಾತ್ರ ಎಂದೂ ರಾತ್ರಿ ಮಾಡಬೇಡಿ.

ಕೊನೆಗೆ ಆ ಅಪ್ಪನ ಲೆಕ್ಕ. ಆಷಾಢದಿಂದ ಕಬ್ಬಿನ ಬಿಲ್ಲು ಬರುವತನಕ ಐದು ತಿಂಗಳು. 'ಐದರಂಗ' ತಂದ ಐವತ್ತು ಸಾವಿರಕ್ಕೆ ಬಡ್ಡಿ 12,500 ರೂಪಾಯಿ. ಅದೇ ಬೋರಮಾಳವನ್ನು ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ ಶೇ 12ರಂತೆ ತಂದಿದ್ದರೆ 2,500. ನಡುವಿನ ಹತ್ತು ಸಾವಿರ ಅವನ ಹಟ್ಟಿಯ ಒಂದು ಒಳ್ಳೆಯ ಹೋತದ ಬೆಲೆ.