‘ತೋಳ ಬಂತು ತೋಳ’ ಎನ್ನುವ ಯಂತ್ರಗಳು

ಕಲಘಟಗಿಯ ಮಲೆನಾಡಿನ ಸೆರಗಿನಿಂದ ನವಲಗುಂದದ ಎರೆಭೂಮಿಯವರೆಗೆ ಎರಡು ಎಮ್ಮೆ ಕಟ್ಟಿಕೊಂಡ ಮನೆಗೆ ಒಂದು ಧೈರ್ಯವಿದೆ. ಮಳೆ ಕೈಕೊಟ್ಟು ಹೆಸರು, ಕಡಲೆ ಬಾರದಿದ್ದರೂ ಡೇರಿಯಿಂದ ಹಾಲಿನ ಬಟವಾಡೆ ಬರುತ್ತದೆ. ಆ ಧೈರ್ಯವನ್ನು ಕಾಯುವುದು ಬಿಎಂಸಿ ಎಂದೇ ಪರಿಚಿತವಾದ ಶೀತಲೀಕರಣ ಕೇಂದ್ರದ ಸ್ಟೀಲ್ ತೊಟ್ಟಿ. ಸುತ್ತಲಿನ ಸಂಘಗಳ ಹಾಲು ಅಲ್ಲಿ ಸೇರಿ, ಟ್ಯಾಂಕರ್ ಬರುವ ತನಕ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು.

ಈ ಕಾವಲು ಒಂದು ಪುಟ್ಟ ನಿಯಂತ್ರಕದ್ದು. ಉಷ್ಣತೆ ಏರಿದರೆ ಕಂಪ್ರೆಸರ್ ಚಾಲೂ, ಇಳಿದರೆ ಬಂದ್. ಮಿತಿ ಮೀರಿದರೆ ಅಲಾರಂ. ಆದರೆ ಆ ಮಿತಿಯನ್ನು ಗೊತ್ತುಪಡಿಸಿದವರು ಯಾರು, ಅದು ಸರಿಯೇ ಎಂದು ಕೇಳುವವರು ವಿರಳ.

ಒಂದು ಸರಳ ಲೆಕ್ಕ ನೋಡೋಣ. ತಣ್ಣಗಾದ 1,000 ಲೀಟರ್ ಹಾಲಿಗೆ ಆಗಷ್ಟೇ ಕರೆದ, 34 ಡಿಗ್ರಿಯ 500 ಲೀಟರ್ ಸೇರಿದರೆ ಮಿಶ್ರಣ 14 ಡಿಗ್ರಿಗೆ ಏರುತ್ತದೆ. ಅಲಾರಂ 6 ಡಿಗ್ರಿಗೆ ಇದ್ದರೆ ಪ್ರತಿ ಸಂಜೆ ಕೂಗಲೇಬೇಕು. ಅಲ್ಲಿ ಕೆಟ್ಟಿದ್ದು ಏನೂ ಇಲ್ಲ. ನಾಲ್ಕು ದಿನ ಕೇಳಿದ ನೌಕರ ಐದನೆಯ ದಿನ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸುತ್ತಾನೆ. ಅವನನ್ನು ದೂರಿ ಫಲವಿಲ್ಲ. ಮುಂದೊಂದು ರಾತ್ರಿ ಕರೆಂಟು ಹೋಗಿ ಜನರೇಟರ್ ಹೊತ್ತಿಕೊಳ್ಳದಿದ್ದಾಗ ಎಚ್ಚರಿಸುವ ದನಿಯೇ ಇರುವುದಿಲ್ಲ. ಬೆಳಗ್ಗೆ ಹುಳಿಯಾದದ್ದು ಹಲವು ಊರುಗಳ ದುಡಿಮೆ.

ಇದು ಹಳ್ಳಿಯವರ ಅಜ್ಞಾನವೆಂದು ಭಾವಿಸಬೇಕಾಗಿಲ್ಲ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟ ಸಂಭವಿಸಿ 26 ಮಂದಿ ಗಾಯಗೊಂಡರು. ಅದಕ್ಕೆ ಮುಂಚಿನ ಕೇವಲ 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಅಲಾರಂಗಳು ಮೊಳಗಿದ್ದವು. ಮುಚ್ಚಿಕೊಂಡಿದ್ದ ಕವಾಟವೊಂದನ್ನು ತೆರೆದಿದೆಯೆಂದೇ ಪರದೆ ತೋರಿಸುತ್ತಿತ್ತು. 1999ರಲ್ಲಿ ಅಲ್ಲಿ ಪ್ರಕಟವಾದ ಮಾರ್ಗಸೂಚಿಯು ಸಾಮಾನ್ಯ ಸ್ಥಿತಿಯಲ್ಲಿ ಒಬ್ಬ ನಿರ್ವಾಹಕನಿಗೆ 10 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದೆಂದಿತು. ಕೂಡಲೇ ಮಾಡಬೇಕಾದ ಕೆಲಸವೊಂದನ್ನು ಸೂಚಿಸದ ಕೂಗು ಅಲಾರಂ ಅಲ್ಲ, ಗದ್ದಲ.

ನಮ್ಮ ತೊಟ್ಟಿಗೂ ಇದೇ ವಿವೇಕ ಅನ್ವಯಿಸುತ್ತದೆ. ಹಾಲು ಸುರಿಯುವ ಹೊತ್ತಿನಲ್ಲಿ ಅಲಾರಂ ಸುಮ್ಮನಿದ್ದು, ನಿಗದಿತ ಅವಧಿಯೊಳಗೆ ಹಾಲು ತಣ್ಣಗಾಗದಿದ್ದರೆ ಮಾತ್ರ ಕೂಗಬೇಕು. ಕರೆಂಟು ಹೋದಾಗಲೂ ಅದರ ದನಿ ಅಡಗಬಾರದು. ಅದಕ್ಕೊಂದು ಬ್ಯಾಟರಿ ಬೇಕು. ನಿಯಂತ್ರಕದ ಚಾಲೂ–ಬಂದ್ ಮಿತಿಗಳ ನಡುವೆ ಅಂತರ ತೀರ ಕಡಿಮೆಯಾದರೆ ಕಂಪ್ರೆಸರ್ ಪದೇ ಪದೇ ಹತ್ತಿ ಆರಿ ಸವೆಯುತ್ತದೆ. ಹೆಚ್ಚಾದರೆ ಹಾಲು ಬೆಚ್ಚಗಾಗುತ್ತದೆ.

ಇದನ್ನು ಪರೀಕ್ಷಿಸಲು ಒಂದು ನೋಟ್‌ಬುಕ್ಕೂ ಗಡಿಯಾರವೂ ಸಾಕು. ಅಷ್ಟೇ ಹಾಲು 4 ಡಿಗ್ರಿಗೆ ಇಳಿಯಲು ವಾರದಿಂದ ವಾರಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಕಂಡೆನ್ಸರ್‌ಗೆ ದೂಳು ಕಟ್ಟಿರಬಹುದು, ಅನಿಲ ಸೋರುತ್ತಿರಬಹುದು. ಅಲಾರಂ ಕೂಗುವುದಕ್ಕೆ ಬಹು ಮುಂಚೆಯೇ ಪುಸ್ತಕ ಅದನ್ನು ಹೇಳುತ್ತದೆ. ಇದನ್ನು ಬರೆದಿಡುವುದು ಸಂಘದ ಕರ್ತವ್ಯವಾಗಲಿ. ಓದಿ ಮಿತಿಗಳನ್ನು ತಿದ್ದುವುದು ಒಕ್ಕೂಟದ ತಂತ್ರಜ್ಞರ ಹೊಣೆಯಾಗಲಿ.

ರೈತ ತಂದ ಹಾಲಿನ ಜಿಡ್ಡನ್ನು, ಗಟ್ಟಿತನವನ್ನು ನಾವು ದಿನಕ್ಕೆರಡು ಸಲ ಅಳೆಯುತ್ತೇವೆ. ಕೊಂಚ ಕಡಿಮೆಯಾದರೆ ದರ ಕತ್ತರಿಸುತ್ತೇವೆ. ಆ ಹಾಲನ್ನು ರಾತ್ರಿಯಿಡೀ ಕಾಯುವ ಯಂತ್ರವನ್ನು ತಿಂಗಳಿಗೊಮ್ಮೆಯಾದರೂ ಅಳೆಯುವುದು ಬೇಡವೇ?