ಗರ್ಭಕೋಶ ಜಾರುವಿಕೆಗೆ ಜಾಲರಿ ಶಸ್ತ್ರಚಿಕಿತ್ಸೆ: ತಡವಾಗಿ ಕಾಣಿಸುವ ತೊಂದರೆಗಳು ಹಾಗೂ ದಾಖಲೆ ಪಡೆಯುವ ವಿಧಾನ

ಹೆರಿಗೆ, ಮುಟ್ಟು ನಿಲ್ಲುವಿಕೆ, ದೀರ್ಘಕಾಲದ ಕೆಮ್ಮು, ಮಲಬದ್ಧತೆ ಹಾಗೂ ಭಾರ ಎತ್ತುವ ದುಡಿಮೆಯಿಂದ ಕಿಬ್ಬೊಟ್ಟೆಯ ತಳದ ಆಧಾರ ಸಡಿಲಗೊಂಡು ಗರ್ಭಕೋಶ, ಮೂತ್ರಕೋಶ ಅಥವಾ ಗುದನಾಳವು ಯೋನಿಯ ಕಡೆಗೆ ಇಳಿಯಬಹುದು. ಇದನ್ನು ಸರಿಪಡಿಸಲು ಕೆಲವು ಮಹಿಳೆಯರಿಗೆ ಪಾಲಿಪ್ರೊಪಿಲೀನ್ ಎಂಬ ಕೃತಕ ನೂಲಿನ ಜಾಲರಿಯನ್ನು (ಮೆಷ್) ಅಳವಡಿಸಲಾಗಿರುತ್ತದೆ. ಈ ಜಾಲರಿಯು ದೇಹದಲ್ಲಿ ಕರಗುವುದಿಲ್ಲ. ಆದುದರಿಂದ ಶಸ್ತ್ರಚಿಕಿತ್ಸೆಯಾದ ಹಲವು ವರ್ಷಗಳ ನಂತರವೂ ತೊಂದರೆ ಕಾಣಿಸಿಕೊಳ್ಳುವ ಸಂಭವವಿರುತ್ತದೆ.

ಗಮನಿಸಬೇಕಾದ ಲಕ್ಷಣಗಳು

1. ಯೋನಿಯಿಂದ ರಕ್ತಸ್ರಾವ, ದುರ್ವಾಸನೆಯುಳ್ಳ ಸ್ರಾವ.
2. ಕಿಬ್ಬೊಟ್ಟೆ, ತೊಡೆಸಂದು ಅಥವಾ ಪೃಷ್ಠಭಾಗದಲ್ಲಿ ನಿರಂತರ ನೋವು.
3. ದಾಂಪತ್ಯ ಸಂಪರ್ಕದ ವೇಳೆ ನೋವು; ಪತಿಗೆ ಚುಚ್ಚಿದ ಅನುಭವ.
4. ಪದೇಪದೇ ಮೂತ್ರದ ಸೋಂಕು, ಮೂತ್ರ ಅಥವಾ ಮಲ ವಿಸರ್ಜನೆಗೆ ಕಷ್ಟ.

ಜಾಲರಿಯು ಯೋನಿಯ ಒಳಪದರವನ್ನು ಸವೆಸಿ ಹೊರಗೆ ಕಾಣಿಸಿಕೊಳ್ಳುವುದು, ಸುತ್ತಲಿನ ಅಂಗಾಂಶದೊಡನೆ ಬಿಗಿದು ಕುಗ್ಗುವುದು, ಕೆಲವೊಮ್ಮೆ ಮೂತ್ರಕೋಶ ಅಥವಾ ಗುದನಾಳದೊಳಗೆ ತೂರಿಕೊಳ್ಳುವುದು ಇವುಗಳಿಗೆ ಕಾರಣವಾಗಿರಬಹುದು. ಸಂಕೋಚದಿಂದಾಗಲಿ, ವಯಸ್ಸಿನ ಬಾಧೆಯೆಂದಾಗಲಿ ಇವುಗಳನ್ನು ಕಡೆಗಣಿಸಬಾರದು.

ಇತರ ದೇಶಗಳಲ್ಲಿ ಕೈಗೊಂಡ ಕ್ರಮ

ಇಂತಹ ಗಂಭೀರ ತೊಂದರೆಗಳು ವಿರಳವಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2011ರಲ್ಲಿ ಎಚ್ಚರಿಸಿತು. ಗರ್ಭಕೋಶ ಜಾರುವಿಕೆಗಾಗಿ ಯೋನಿಮಾರ್ಗದಿಂದ ಅಳವಡಿಸುವ ಜಾಲರಿಗಳ ಮಾರಾಟವನ್ನು ನಿಲ್ಲಿಸುವಂತೆ 2019ರ ಏಪ್ರಿಲ್‌ನಲ್ಲಿ ತಯಾರಕರಿಗೆ ಆದೇಶಿಸಿತು. ಹೊಟ್ಟೆಯ ಮೂಲಕ ಅಳವಡಿಸುವ ಜಾಲರಿಗೆ ಈ ಆದೇಶ ಅನ್ವಯಿಸಲಿಲ್ಲ.

ಚಿಕಿತ್ಸೆ

ತೊಂದರೆಯಿಲ್ಲದವರು ಜಾಲರಿಯನ್ನು ತೆಗೆಸುವ ಅಗತ್ಯವಿಲ್ಲ. ನಿಯಮಿತ ತಪಾಸಣೆ ಸಾಕು. ಸಣ್ಣ ಪ್ರಮಾಣದ ಸವೆತಕ್ಕೆ ಈಸ್ಟ್ರೊಜೆನ್ ಮುಲಾಮು ಅಥವಾ ಆ ಭಾಗವನ್ನಷ್ಟೇ ಕತ್ತರಿಸುವುದು ಸಾಕಾಗಬಹುದು. ಪೂರ್ಣವಾಗಿ ತೆಗೆಯುವುದು ಕ್ಲಿಷ್ಟ ಕಾರ್ಯವಾಗಿದ್ದು, ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ ಬೇಕಾಗಬಹುದು. ನಂತರವೂ ನೋವು ಉಳಿಯಬಹುದು. ಆದಕಾರಣ ಈ ವಿಷಯದಲ್ಲಿ ಅನುಭವವುಳ್ಳ ತಜ್ಞರ ಸಲಹೆ ಪಡೆಯತಕ್ಕದ್ದು.

ದಾಖಲೆಗಳಿಗೆ ಅರ್ಜಿ

ಯಾವ ಜಾಲರಿಯನ್ನು, ಯಾವ ಮಾರ್ಗದಿಂದ ಅಳವಡಿಸಲಾಗಿದೆ ಎಂಬುದು ತಿಳಿಯದಿದ್ದಲ್ಲಿ ಮುಂದಿನ ಚಿಕಿತ್ಸೆ ಕಠಿಣವಾಗುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ 3 ವರ್ಷ ಕಾಯ್ದಿರಿಸತಕ್ಕದ್ದು. ರೋಗಿಯು ಕೋರಿದಲ್ಲಿ 72 ಗಂಟೆಗಳೊಳಗೆ ಒದಗಿಸತಕ್ಕದ್ದು. ತೊಂದರೆಯು ಈ ಅವಧಿ ಮುಗಿದ ನಂತರವೂ ಬರಬಹುದಾದ್ದರಿಂದ, ಆರೋಗ್ಯವಾಗಿರುವಾಗಲೇ ದಾಖಲೆ ಪಡೆದಿರುವುದು ಸೂಕ್ತ.

ಅರ್ಜಿಯಲ್ಲಿ ಹೆಸರು, ಒಳರೋಗಿ ಸಂಖ್ಯೆ, ಶಸ್ತ್ರಚಿಕಿತ್ಸೆಯ ದಿನಾಂಕ ನಮೂದಿಸಿ ಈ ಕೆಳಕಂಡವುಗಳ ಪ್ರತಿಯನ್ನು ಕೋರಬೇಕು:

ಅ) ಡಿಸ್‌ಚಾರ್ಜ್ ಸಾರಾಂಶ
ಆ) ಶಸ್ತ್ರಚಿಕಿತ್ಸಾ ಟಿಪ್ಪಣಿ
ಇ) ಜಾಲರಿಯ ಹೆಸರು ಮತ್ತು ಬ್ಯಾಚ್ ಸಂಖ್ಯೆಯುಳ್ಳ ಚೀಟಿ
ಈ) ಒಪ್ಪಿಗೆ ಪತ್ರ

ಅರ್ಜಿಗೆ ಸ್ವೀಕೃತಿ ಪಡೆದು ಇಟ್ಟುಕೊಳ್ಳತಕ್ಕದ್ದು.

ತೊಂದರೆ ವರದಿ ಮಾಡುವಿಕೆ

ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು 2015ರಲ್ಲಿ ಆರಂಭವಾದ ಭಾರತೀಯ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬಹುದಾಗಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗವು ಇದನ್ನು ನಿರ್ವಹಿಸುತ್ತದೆ.